ಕಚ್ಚದೆ ಸುಟ್ಟ ಹುಳ

ಪರೀಕ್ಷೆಗೆ ಓದುತ್ತಿದ್ದ ರಾತ್ರಿ ಟ್ಯೂಬ್‌ಲೈಟಿನ ಕಡೆಯಿಂದ ಏನೋ ಕುತ್ತಿಗೆ ಮೇಲೆ ಬಿತ್ತು. ನೋಡದೆ ಉಜ್ಜಿಬಿಟ್ಟೆ. ಮರುದಿನ ಸಂಜೆ ಅಲ್ಲಿ ಬರೆ ಎಳೆದಂತೆ ಕೆಂಪು ಗೆರೆ, ಸಣ್ಣ ಗುಳ್ಳೆಗಳು. ಸ್ಕಾರ್ಫ್ ತಾಗಿದರೂ ಉರಿ. ಅಜ್ಜಿ ‘ಸರ್ಪಸುತ್ತು’ ಎಂದು ತಂಗಿಯನ್ನು ನನ್ನ ಪಕ್ಕ ಮಲಗಲು ಬಿಡಲಿಲ್ಲ. ಅದಕ್ಕೇ ನನಗೆ ಅಳು ಬಂದದ್ದು.

ವೈದ್ಯರು ನೋಡಿ, “ಇದು ಕಚ್ಚಿದ್ದೇ ಅಲ್ಲಮ್ಮಾ, ನೀನೇ ಉಜ್ಜಿಕೊಂಡದ್ದು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ” ಎಂದರು. ಇರುವೆಯಂತೆ ಕಾಣುವ ಕಪ್ಪು-ಕಿತ್ತಳೆ ಹುಳ, ಹೆಸರು ಪೀಡೆರಸ್. ಜಜ್ಜಿದರೆ ಅದರ ಮೈಯೊಳಗಿನ ವಿಷ ಚರ್ಮವನ್ನು ಸುಡುತ್ತದೆ. ಸೊಳ್ಳೆ ಕಚ್ಚಿದರೆ ಬೇಗ ತುರಿಕೆ. ಇದರ ಉರಿ ಮರುದಿನ. ಮೈಮೇಲೆ ಕೂತರೆ ಊದಿ ಹಾರಿಸಿ. ಜಜ್ಜಿದ್ದರೆ ಕಣ್ಣು ಮುಟ್ಟದೆ, ತಕ್ಷಣ ಸೋಪು ಹಾಕಿ ತೊಳೆಯಿರಿ.

ಗುಳ್ಳೆ ಒಣಗಿದೆ, ಕಂದು ಕಲೆ ಇನ್ನೂ ಇದೆ. ತಂಗಿ ಪಕ್ಕಕ್ಕೆ ಬಂದಿದ್ದಾಳೆ. ಅಜ್ಜಿ ಮಾತ್ರ ಸರ್ಪಸುತ್ತೇ ಎನ್ನುತ್ತಾರೆ.