ಹೊಟ್ಟೆ ಮಾತು – 4: ಲೋಳೆ

ಫೋಟೋದಲ್ಲಿರೋದು ರಾತ್ರಿ ನೆನೆಹಾಕಿದ ಮೆಂತ್ಯ. ಬೆರಳಲ್ಲಿ ಒತ್ತಿದ್ರೆ ಜಾರತ್ತಲ್ಲ, ಆ ಲೋಳೆ ಬಗ್ಗೆನೇ ಈ ಸಲದ ಕಂತು.

ಕರಗುವ ನಾರು ಅಂತ ಪುಸ್ತಕದಲ್ಲಿ ಓದಿದ್ದೀವಿ, ಎರಡು ಮಾರ್ಕ್ಸಿಗೆ ಬರೆದೂ ಆಗಿದೆ. ಆದ್ರೆ ಅದು ಅಡುಗೆಮನೇಲಿ ದಿನಾ ಕಾಣೋ ವಸ್ತು ಅಂತ ಯಾರೂ ಹೇಳಲಿಲ್ಲ. ಬೆಂಡೆಕಾಯಿ ಹೆಚ್ಚುವಾಗ ಚಾಕುಗೆ ಅಂಟೋದು, ಕಾಮಕಸ್ತೂರಿ ಬೀಜ ನೀರಲ್ಲಿ ಉಬ್ಬೋದು, ಎಲ್ಲ ಇದೇ ಪೈಕಿ.

ಈ ನಾರನ್ನ ಒಡೆಯೋ ಕಿಣ್ವ ನಮ್ಮ ದೇಹದಲ್ಲಿಲ್ಲ. ಅದು ನೀರು ಹೀರ್ಕೊಂಡು ಜೆಲ್ ಥರ ಆಗತ್ತೆ. ಊಟ ಹೊಟ್ಟೆಯಿಂದ ಸಣ್ಣ ಕರುಳಿಗೆ ಇಳಿಯೋದು ನಿಧಾನ ಆಗತ್ತೆ, ಸಕ್ಕರೆ ರಕ್ತ ಸೇರೋದೂ ನಿಧಾನ. ಪಿತ್ತರಸದ ಆಮ್ಲಗಳನ್ನೂ ಒಂದಿಷ್ಟು ಹಿಡ್ಕೊಂಡು ಹೊರಗೆ ಹೋಗತ್ತೆ. ಹೋದದ್ದನ್ನ ಮತ್ತೆ ತಯಾರಿಸೋಕೆ ಲಿವರ್ ಕೊಲೆಸ್ಟ್ರಾಲ್ ಬಳಸಬೇಕು. ರಕ್ತದ ಕೊಲೆಸ್ಟ್ರಾಲ್ ಸ್ವಲ್ಪ ಇಳಿಯೋದು ಹೀಗೆ.

ಇಲ್ಲಿವರೆಗೆ ಓದಿ "ಹಾಗಾದ್ರೆ ಮೆಂತ್ಯದ ನೀರು ಸಾಕು" ಅನ್ನೋರಿಗೆ ನಮ್ಮ ದೊಡ್ಡಪ್ಪನ ಕಥೆ. ಶುಗರ್ ಇದೆ. ಯಾವುದೋ ವಿಡಿಯೋ ನೋಡಿ ದಿನಾ ಬೆಳಗ್ಗೆ ಮೆಂತ್ಯ ನೆನೆಸಿದ ನೀರು ಕುಡಿಯೋಕೆ ಶುರು ಮಾಡಿದ್ರು, ಮಾತ್ರೆ ದಿನ ಬಿಟ್ಟು ದಿನ ಮಾಡಿದ್ರು. ಕಾಳು? ಗಿಡದ ಬುಡಕ್ಕೆ. ಅಲ್ಲ ದೊಡ್ಡಪ್ಪ, ಲೋಳೆ ಬಹುಪಾಲು ಕಾಳಲ್ಲೇ ಉಳಿಯತ್ತಲ್ಲ, ನೀವು ಅದನ್ನೇ ಚೆಲ್ತಿದ್ದೀರಲ್ಲ ಅಂದೆ. "ನೀನು ಎರಡು ಅಕ್ಷರ ಕಲಿತಿದ್ದಕ್ಕೆ ಇಷ್ಟು ಮಾತಾಡ್ತೀಯೇನೇ" ಅಂದ್ರು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರಲ್ಲಿ ಇದರ ಮೇಲೆ ಒಂದು ಪ್ರಯೋಗ ಪ್ರಕಟಿಸಿದ್ದಾರೆ. ಟೈಪ್ 1 ಮಧುಮೇಹದವರಿಗೆ ಕೊಬ್ಬು ತೆಗೆದ ಮೆಂತ್ಯದ ಪುಡಿ ಕೊಟ್ರು, ಸಕ್ಕರೆ ಇಳೀತು. ಎಷ್ಟು ಕೊಟ್ರು ಗೊತ್ತಾ? ದಿನಕ್ಕೆ 100 ಗ್ರಾಂ. ಒಂದು ಟೀ ಚಮಚ ಮೆಂತ್ಯ ಸುಮಾರು 4 ಗ್ರಾಂ. ಲೆಕ್ಕ ನೀವೇ ಹಾಕಿ. ದೊಡ್ಡಪ್ಪನಿಗೆ ನಾನು ಹೇಳೋದು ಇಷ್ಟೇ: ಕಾಳನ್ನೂ ತಿನ್ನಿ, ಮಾತ್ರೆ ಮಾತ್ರ ಡಾಕ್ಟರನ್ನ ಕೇಳದೆ ಬಿಡಬೇಡಿ. ಸದ್ಯಕ್ಕೆ ಅರ್ಧ ಒಪ್ಪಿದ್ದಾರೆ. ದೊಡ್ಡಮ್ಮ ನನ್ನ ಪಾರ್ಟಿ.

ಈಗ ದೊಡ್ಡ ಕರುಳಿಗೆ ಬರೋಣ. ನಮ್ಮಿಂದ ಜೀರ್ಣ ಆಗದ ನಾರು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟ. ಅವು ಅದನ್ನ ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಅನ್ನೋ ಪುಟ್ಟ ಆಮ್ಲಗಳನ್ನ ಮಾಡ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಅಂದ್ರೆ ನಮ್ಮ ಕರುಳಿನ ಗೋಡೆ ಬ್ಯಾಕ್ಟೀರಿಯಾ ಬೇಯಿಸಿದ ಅಡುಗೆ ಮೇಲೆ ಬದುಕ್ತಿದೆ! ನಾರೇ ಸಿಗದಿದ್ರೆ? ಇಲಿಗಳಲ್ಲಿ ನೋಡಿದ್ದಾರೆ, ಹಸಿದ ಬ್ಯಾಕ್ಟೀರಿಯಾಗಳು ಕರುಳನ್ನ ಕಾಯೋ ಲೋಳೆಪದರವನ್ನೇ ತಿನ್ನೋಕೆ ಶುರು ಮಾಡಿದ್ವು.

ನಂಗೆ ತುಂಬ ಇಷ್ಟವಾದ ಪ್ರಯೋಗ 2015ರದ್ದು. ಅಮೆರಿಕದ 20 ಜನ ಆಫ್ರಿಕನ್ ಅಮೆರಿಕನ್ನರು, ದಕ್ಷಿಣ ಆಫ್ರಿಕಾದ ಹಳ್ಳಿಗಳ 20 ಜನ, ಎರಡೇ ವಾರ ಊಟ ಅದಲುಬದಲು. ಹಳ್ಳಿ ಊಟ ಉಂಡ ಅಮೆರಿಕದವರಲ್ಲಿ ಬ್ಯುಟಿರೇಟ್ ಏರಿತು, ಬರ್ಗರ್ ಥರದ ಊಟ ತಿಂದ ಹಳ್ಳಿಯವರಲ್ಲಿ ಇಳೀತು. ಎರಡೇ ವಾರ ಕಣ್ರೋ. ನಮ್ಮ ಒಂದು ಇಂಟರ್ನಲ್ಸ್ ಮುಗಿಯೋಷ್ಟು ಸಮಯ, ಆ ಟೈಮಲ್ಲಿ ನಾವು ಬರೀ ನೂಡಲ್ಸ್ ಮೇಲೆ ಇರ್ತೀವಿ.

ಇನ್ನು ಎಲ್ಲರೂ ಮೆಸೇಜಲ್ಲಿ ಗುಟ್ಟಾಗಿ ಕೇಳೋ ಪ್ರಶ್ನೆ: ಗ್ಯಾಸ್. ಹುದುಗಿದ್ರೆ ಗ್ಯಾಸ್ ಆಗೇ ಆಗತ್ತೆ, ನಾಚಿಕೆ ಯಾಕೆ? ನಾರೇ ಕಾಣದ ಹೊಟ್ಟೆಗೆ ಒಂದೇ ದಿನ ಬಟ್ಟಲುಗಟ್ಟಲೆ ಹುರುಳಿ, ಗೋರಿಕಾಯಿ ಸುರಿದ್ರೆ ಉಬ್ಬರಿಸತ್ತೆ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಇಸಬ್ಗೋಲ್ ಅಷ್ಟಾಗಿ ಹುದುಗಲ್ಲ, ನೀರು ಹಿಡ್ಕೊಂಡೇ ಕೊನೆವರೆಗೂ ಹೋಗತ್ತೆ, ಅದಕ್ಕೇ ಮಲಬದ್ಧತೆಗೆ ಅದನ್ನ ಕೊಡೋದು. ಆದ್ರೆ ಒಣಪುಡಿ ಬಾಯಿಗೆ ಹಾಕ್ಕೋಬೇಡಿ, ಗಂಟಲಲ್ಲೇ ಉಬ್ಬಿ ಸಿಕ್ಕಿಹಾಕ್ಕೊಳ್ಳತ್ತೆ. ದೊಡ್ಡ ಲೋಟ ನೀರಲ್ಲಿ ಕಲಸಿ ತಕ್ಷಣ ಕುಡೀರಿ. ಮಲದಲ್ಲಿ ರಕ್ತ ಕಂಡ್ರೆ, ನೋವು ಹೋಗದೇ ಇದ್ರೆ ನನ್ನ ಇನ್‌ಬಾಕ್ಸಿಗೆ ಬರಬೇಡಿ, ಡಾಕ್ಟರ ಹತ್ರ ಹೋಗಿ.

ಮುಂದಿನ ಕಂತು ಮಜ್ಜಿಗೆ. ಮೆಸ್ ಮಜ್ಜಿಗೆಯಲ್ಲ, ನಿಜವಾದ್ದು.