ಕೊನೆಗೌಡನಿಗೆ ಆ್ಯಪ್ ಇಲ್ಲ

ಗಿಗ್ ಕೆಲಸ ಹೊಸದು ಎನ್ನುವವರು ಅಡಿಕೆ ಕೊಯ್ಲಿಗೆ ಯಲ್ಲಾಪುರದ ಕಡೆ ಬರಬೇಕು. ಕಾಲಿಗೆ ತಳೆ ಸಿಕ್ಕಿಸಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯಲು ಮರವೇರಿದ ಕೊನೆಗೌಡ ಒಂದು ಮರ ಮುಗಿದರೆ ಇಳಿಯುವುದಿಲ್ಲ. ತುದಿಯಲ್ಲೇ ತೂಗಿ, ಪಕ್ಕದ ಮರಕ್ಕೆ ಕೈಹಾಕಿ ದಾಟಿಬಿಡುತ್ತಾನೆ. ಇಳಿದು ಹತ್ತಿದರೆ ಹೊತ್ತು ಹೋಗುತ್ತದೆ, ಸಂಬಳ ಕೊಯ್ದ ಕೊನೆಗಳ ಲೆಕ್ಕದ ಮೇಲೆ. ಡೆಲಿವರಿ ಹುಡುಗರು ಸಿಗ್ನಲ್ ಹಾರಿಸುವುದೂ ಇದಕ್ಕೇ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮತ್ತೆ ಅವನೇ ಬೇಕು, ಅದೂ ಜಾರುವ ಮರಕ್ಕೆ.

ಸುಗ್ಗಿಯಲ್ಲಿ ಗಳಿಕೆ ಕಮ್ಮಿಯೇನಲ್ಲ. ಆದರೆ ಮೊಣಕಾಲು ಎಷ್ಟು ವರ್ಷ ತಡೆದೀತು? ಕೊನೆಗೌಡ ಸಿಗುವುದಿಲ್ಲ ಎಂದು ನಾವು ತೋಟದವರು ಗೊಣಗುತ್ತೇವೆ; ಅವನ ಮಗ ಬೆಂಗಳೂರಲ್ಲಿ ಬೈಕ್ ಮೇಲೆ ಊಟ ಹಂಚುತ್ತಿರುತ್ತಾನೆ.

ಆ ಮಗನಿಗೆ ಗಿಗ್ ಕಾರ್ಮಿಕರ 2025ರ ರಾಜ್ಯ ಕಾಯ್ದೆ ಬಂತು. ಕಲ್ಯಾಣ ಮಂಡಳಿ ಇದೆ. ಪ್ರತಿ ವಹಿವಾಟಿನಲ್ಲೂ ಅವನಿಗೆ ಸಲ್ಲುವ ಹಣದ ಶೇ 1ರಿಂದ 5ರವರೆಗೆ ಕಂಪನಿಯೇ ನಿಧಿಗೆ ಕಟ್ಟಬೇಕು. ಒಳ್ಳೆಯದೇ. ಅಪ್ಪ ಯಾವ ಆ್ಯಪಿನಲ್ಲೂ ಇಲ್ಲ, ಹಾಗಾಗಿ ಕಾಯ್ದೆಯೊಳಗೂ ಇಲ್ಲ.

ಅಡಿಕೆ ಮಾರುವಾಗ ಸಹಕಾರಿ ಸಂಘದಲ್ಲಿ ಕ್ವಿಂಟಲ್ ಲೆಕ್ಕ ಬರೆದೇ ಇರುತ್ತದಲ್ಲ? ಅಲ್ಲೇ ನಮ್ಮ ಮಾರಾಟದ ಹಣದಿಂದ ಒಂದಿಷ್ಟು ಹಿಡಿದು ಕೊನೆಗೌಡರ ನಿಧಿಗೆ ಹಾಕಬಹುದು. ಮುಂದಿನ ಮಹಾಸಭೆಯಲ್ಲಿ ಯಾರಾದರೂ ವಿಷಯ ತೆಗೆಯಿರಿ, ನಾನು ಕೈ ಎತ್ತುತ್ತೇನೆ.