ಬೈಸಿಕೊಳ್ಳುವ ಭಾಗ್ಯ

1986ರಲ್ಲಿ ಬೆಂಗಳೂರಿನ ಒಂದು ಕನ್ನಡ ದಿನಪತ್ರಿಕೆಗೆ ಟ್ರೈನಿ ಉಪಸಂಪಾದಕಿಯಾಗಿ ಸೇರಿದೆ. ನೇಮಕದ ಪತ್ರದಲ್ಲಿ ಟ್ರೈನಿ ಎಂದಿತ್ತು. ಟ್ರೈನಿಂಗ್ ಎಲ್ಲಿತ್ತೋ ಕಾಣೆ. ಕುರ್ಚಿ ತೋರಿಸಿದರು, ಟೆಲಿಪ್ರಿಂಟರ್‌ನಿಂದ ಹರಿದ ಪಿಟಿಐ ಸುದ್ದಿಯ ತುಂಡೊಂದನ್ನು ಮುಂದಿಟ್ಟು 'ಕನ್ನಡ ಮಾಡಮ್ಮ' ಅಂದರು. ಅಷ್ಟೇ.

ಪಾಠವೆಲ್ಲ ನಡೆಯುತ್ತಿದ್ದುದು ಚೀಫ್ ಸಬ್, ಅಂದರೆ ಮುಖ್ಯ ಉಪಸಂಪಾದಕರ, ಮೇಜಿನ ಮುಂದೆ. ನನ್ನ ಜೊತೆಗೇ ಸೇರಿದ ಹುಡುಗ 'ವೈಟ್ ಪೇಪರ್' ಅನ್ನು 'ಬಿಳಿ ಹಾಳೆ' ಮಾಡಿದಾಗ ಕಾಪಿ ಹಾರಿ ಅವನ ಕಾಲ ಬಳಿ ಬಿತ್ತು. 'ಶ್ವೇತಪತ್ರ ಕಣಯ್ಯಾ! ಬಿಳಿ ಹಾಳೆಯಾದ್ರೆ ಅಂಗಡಿಗೆ ಹೋಗಿ ಒಂದು ದಸ್ತು ತಗೊಂಡ್ಬಾ.' ಅವನು ಆ ತಪ್ಪನ್ನು ಮತ್ತೆ ಮಾಡಲಿಲ್ಲ. ಅದೇ ವಾರ ನಾನು 'ಪಕ್ಷವು ತನ್ನ ಶಾಸಕರಿಗೆ ಚಾವಟಿ ನೀಡಿದೆ' ಎಂದು ಬರೆದುಕೊಟ್ಟಿದ್ದೆ. ಯಾರೂ ಏನೂ ಅನ್ನಲಿಲ್ಲ. ಮರುದಿನ ಪತ್ರಿಕೆ ಬಿಡಿಸಿದರೆ 'ವಿಪ್ ಜಾರಿ' ಎಂದಿತ್ತು. ಹೆಣ್ಣುಮಗಳು, ಬೈದರೆ ಅತ್ತಾಳು ಎಂದು ಸದ್ದಿಲ್ಲದೆ ತಿದ್ದಿ ಕಂಪೋಸಿಂಗಿಗೆ ಕಳಿಸಿಬಿಡುತ್ತಿದ್ದರು. ಕೊನೆಗೆ ನಾನು ಕಾರ್ಬನ್ ಇಟ್ಟು ಬರೆಯತೊಡಗಿದೆ. ಬೆಳಿಗ್ಗೆ ಅಚ್ಚಾದದ್ದರ ಪಕ್ಕ ಆ ಪ್ರತಿ ಇಟ್ಟುಕೊಂಡು ಸಾಲು ಸಾಲು ತಾಳೆ ನೋಡಿ ನನಗೆ ನಾನೇ ಬೈದುಕೊಳ್ಳಬೇಕಿತ್ತು.

ಕೋಲಾರದ ಕಡೆಯ ದಲಿತ ಹುಡುಗನೊಬ್ಬನೂ ನಮ್ಮೊಡನೆ ಇದ್ದ. ಅವನಿಗೆ ಬೈಗುಳಕ್ಕೇನೂ ಬರವಿರಲಿಲ್ಲ. ಆದರೆ ಅದೆಲ್ಲ ಅವನ ಹಕಾರದ ಮೇಲೆ, ಅವನ ಕಾಪಿಯ ಮೇಲಲ್ಲ.

ಮುಖಪುಟ ಕಟ್ಟುತ್ತಿದ್ದುದು ರಾತ್ರಿ ಪಾಳಿಯಲ್ಲಿ. ಅದನ್ನು ಕಟ್ಟಲು ಬಾರದವರು ಚೀಫ್ ಸಬ್ ಆಗುವಂತಿಲ್ಲ. ಹೆಣ್ಣುಮಕ್ಕಳಾದ ನಮ್ಮನ್ನೂ ಹಾಕಿ ಎಂದು ಕೇಳಿದರೆ ಮ್ಯಾನೇಜ್‌ಮೆಂಟ್ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನು ತೋರಿಸುತ್ತಿತ್ತು. (ಬೆಳಕು ಹರಿಯುವ ಮೊದಲೇ ಕಸ ಗುಡಿಸಲು ಬರುತ್ತಿದ್ದ ಹೆಂಗಸರಿಗೆ ಯಾವ ಕಾಯ್ದೆಯೂ ಅಡ್ಡ ಬರುತ್ತಿರಲಿಲ್ಲ.) ನಮ್ಮ ಪಾಲಿಗೆ ಭಾನುವಾರದ ಪುರವಣಿ.

ಈಗ ಹುಡುಗಿಯರು ರಾತ್ರಿ ಪಾಳಿ ಮಾಡುತ್ತಾರೆ, ಮನೆಗೆ ಬಿಡಲು ಕ್ಯಾಬ್ ಇರುತ್ತದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂದ ಮೇಲೆ ದೂರು ಸಮಿತಿಯೂ ಇದೆ. ಇವು ಸಣ್ಣ ಮಾತಲ್ಲ. ಆದರೆ ಹಳೆಯ ಸಹೋದ್ಯೋಗಿಯನ್ನು ನೋಡಲು ಮೊನ್ನೆ ಒಂದು ಡೆಸ್ಕಿಗೆ ಹೋದಾಗ ಕಂಡದ್ದು: ಹೊಸ ಹುಡುಗ ಕಾಪಿ ಕಳಿಸಿದ, ಮೇಲಿನವರು ಸ್ಕ್ರೀನಿನಲ್ಲೇ ತಿದ್ದಿ ಪುಟಕ್ಕೆ ಬಿಟ್ಟರು. ಏನು ತಿದ್ದಿದರೆಂದು ಇವನು ಕೇಳಲಿಲ್ಲ, ಅವರು ಹೇಳಲಿಲ್ಲ. ಬೈಗುಳ ಈಗ ಗಂಡುಮಕ್ಕಳಿಗೂ ಸಿಗುವುದಿಲ್ಲ. ಅಷ್ಟರಮಟ್ಟಿಗೆ ಸಮಾನತೆ ಬಂದಿದೆ.

ಮೇಲಿನ ಕುರ್ಚಿಗಳ ಮಾತು ಬೇರೆ. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಇಂಗ್ಲಿಷ್, ಹಿಂದಿ ಮಾಧ್ಯಮಗಳ 121 ಉನ್ನತ ಹುದ್ದೆಗಳನ್ನು ಎಣಿಸಿದಾಗ 106ರಲ್ಲಿ ಮೇಲ್ಜಾತಿಯವರಿದ್ದರು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇರಲಿಲ್ಲ. ಕನ್ನಡದ ಪತ್ರಿಕೆಗಳು ಆ ಲೆಕ್ಕದಲ್ಲಿರಲಿಲ್ಲ. ನಮ್ಮ ಸಂಪಾದಕರೇ ಒಮ್ಮೆ ಎಣಿಸಿ ಅಚ್ಚು ಹಾಕಲಿ. ಅಲ್ಲಿಯವರೆಗೆ, ಡೆಸ್ಕಿನ ಹಿರಿಯರೇ, ತಿದ್ದಿದ ಕಾಪಿಯನ್ನು ಬರೆದವರ ಕೈಗೆ ವಾಪಸು ಕೊಡಿ.